ಬ್ಲೌಸ್ ಪೀಸ್ ಹಿಡಿದು ಹೂಮರ ನೋಡುತ್ತಿದ್ದ ಭಾಗಮ್ಮಕ್ಕ

ಭಾಗಮ್ಮಕ್ಕನಿಗೆ ಜನರ ಮುಖ ನೆನಪಿರುತ್ತಿರಲಿಲ್ಲ. ಅವರು ತಂದ ಸೀರೆಯ ಬಣ್ಣ ಮಾತ್ರ ಎಷ್ಟು ವರ್ಷವಾದರೂ ಮರೆಯುತ್ತಿರಲಿಲ್ಲ. ಎದುರು ಮನೆಯ ಹೆಂಗಸು ತರಕಾರಿ ಚೀಲ ಹಿಡಿದು ಬಂದು ನಕ್ಕರೆ ಯಾರೋ ಏನೋ ಎಂಬಂತೆ ನೋಡುತ್ತಿದ್ದಳು. ಆಕೆ ಹೋದ ವರ್ಷ ಗೌರಿ ಹಬ್ಬಕ್ಕೆ ಉಟ್ಟ ಮೈಲುತುತ್ತದ ಬಣ್ಣದ ಸೀರೆಯ ಮಾತೆತ್ತಿದ ಕೂಡಲೇ, "ಹಾಂ, ನೀವೇನ್ರಿ, ಬರ್ರಿ ಬರ್ರಿ" ಎಂದು ಸ್ಟೂಲು ಎಳೆದು ಕೂರಿಸುತ್ತಿದ್ದಳು.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಒಂದು ಎಸ್‌ಟಿಡಿ ಬೂತಿಗೂ ಹಣ್ಣಿನಂಗಡಿಗೂ ನಡುವೆ ಅವಳ ಮ್ಯಾಚಿಂಗ್ ಸೆಂಟರ್ ಇತ್ತು. ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವರು ರಸ್ತೆಯಲ್ಲೇ ಕಾಯಬೇಕು, ಅಷ್ಟೇ ಜಾಗ. ಮೂರು ಗೋಡೆಗೂ ನೆಲದಿಂದ ಚಾವಣಿವರೆಗೆ ಬ್ಲೌಸ್ ಪೀಸುಗಳು, ಲೈನಿಂಗು, ಸೀರೆ ಫಾಲ್ಸು. ಗುಲ್ಬರ್ಗ ಕಡೆಯ ಹಳ್ಳಿಯಿಂದ ಗಾರೆ ಕೆಲಸದ ಗಂಡ ಮಲ್ಲಣ್ಣನ ಜೊತೆ ಬಂದವಳು, ಮೊದಲು ಶಿವಾಜಿನಗರದ ಬಟ್ಟೆ ಅಂಗಡಿಯೊಂದರಲ್ಲಿ ಪೀಸು ಮಡಿಸುತ್ತಿದ್ದಳು. ಆಮೇಲೆ ಈ ಅಂಗಡಿ ಹಾಕಿದಳು. ನಾನು ಎರಡು ಬೀದಿ ಆಚೆ ಮನೆಯಲ್ಲೇ ಮಿಷನ್ ಇಟ್ಟುಕೊಂಡ ಲೇಡೀಸ್ ಟೈಲರ್. ಸೀರೆ ಹಿಡಿದು ನನ್ನ ಬಳಿ ಬಂದವರನ್ನೆಲ್ಲ ಮೊದಲು ಅವಳ ಅಂಗಡಿಗೇ ಅಟ್ಟುತ್ತಿದ್ದೆ. ಅವಳು ಕೊಟ್ಟ ಪೀಸನ್ನು ಸೀರೆಯ ಪಕ್ಕ ಇಟ್ಟು ನೋಡುವ ಅಗತ್ಯವೇ ಇರಲಿಲ್ಲ, ನೇರ ಕತ್ತರಿ ಹಾಕಬಹುದಿತ್ತು.

ಟ್ಯೂಬ್‌ಲೈಟನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಎಂಥ ಗಿರಾಕಿಯಾದರೂ ಸರಿ, ಪೀಸು ಹಿಡಿದು ರಸ್ತೆಗಿಳಿಯಲೇಬೇಕು. "ಒಳಗ ಬಣ್ಣ ಸುಳ್ಳು ಹೇಳ್ತದ್ರಿ, ಬಿಸಿಲಿಗಿ ಬರ್ರಿ" ಎಂದು ಹೊರಗೆ ಕರೆದುಕೊಂಡು ಹೋಗಿ, ಸೀರೆಯ ಅಂಚನ್ನೂ ಪೀಸನ್ನೂ ಒಟ್ಟಿಗೆ ಹಿಡಿದು ಕಣ್ಣು ಕಿರಿದು ಮಾಡುತ್ತಿದ್ದಳು. ಅಷ್ಟರಲ್ಲಿ ಹಿಂದೆ ನಿಂತ ಸ್ಕೂಟರಿನವನು ಹಾರ್ನು ಬಾರಿಸಿ ಸುಸ್ತಾಗಿರುತ್ತಿದ್ದ.

ಇಂಥವಳು ವರ್ಷಕ್ಕೊಮ್ಮೆ, ಶಿವರಾತ್ರಿಗೂ ಯುಗಾದಿಗೂ ನಡುವಿನ ಒಂದು ಮಂಗಳವಾರ, ಅಂಗಡಿಯ ಬಾಗಿಲೆಳೆದು ಹೂಮರ ನೋಡಲು ಹೊರಡುತ್ತಿದ್ದಳು. ಕೈಯಲ್ಲಿ ದೊಡ್ಡ ಸೇಫ್ಟಿ ಪಿನ್ನು, ಅದರ ತುಂಬ ಬ್ಲೌಸ್ ಪೀಸಿನ ಬೆರಳಗಲದ ಚೂರುಗಳು. ಮೊದಲ ಸಲ ನನ್ನನ್ನೂ ಕರೆದಾಗ, ಯಾವುದೋ ದೇವಸ್ಥಾನದ ಹರಕೆ ಇರಬೇಕು ಅಂದುಕೊಂಡು ರೇಷ್ಮೆ ಸೀರೆ ಉಟ್ಟು ಹೋದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೀರೆ ಚಂದ ಅದ, ಬಸ್ಸಿನಾಗ ಸುಕ್ಕಾಗ್ತದ ಅಂದಳಷ್ಟೆ.

ಅವಳ ಲೆಕ್ಕ ಸರಳವಾಗಿತ್ತು. ಮಿಲ್ಲಿನವರು ವರ್ಷಕ್ಕೊಂದು ಸಲ ಬಣ್ಣದ ನಂಬರು ಬದಲಿಸುತ್ತಾರೆ, ಬಟ್ಟೆ ಬಿಸಿಲಿಗೆ ಮಾಸುತ್ತದೆ, ಅಂಗಡಿಯೊಳಗೇ ಕೂತ ಕಣ್ಣೂ ಮೊಂಡಾಗುತ್ತದೆ. ಮರ ಮಾತ್ರ ಪ್ರತಿವರ್ಷ ಅದೇ ಬಣ್ಣ ಬಿಡುತ್ತದೆ. ಆದ್ದರಿಂದ ಮರದ ಮುಂದೆ ನಿಂತು ಕಣ್ಣನ್ನು ಸರಿ ಮಾಡಿಕೊಳ್ಳಬೇಕು. ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೋಗಿ, ಅಲ್ಲಿಂದ ದಂಡು ಪ್ರದೇಶದ ಹಳೆ ಬಂಗಲೆಗಳ ರಸ್ತೆಗಳಲ್ಲಿ ನಡೆದು, ಹಲಸೂರು ಕೆರೆಯ ಬದಿಗೆ ಬಂದು, ಇಂದಿರಾನಗರದ ಅಡ್ಡರಸ್ತೆಗಳನ್ನು ಹಾದು ಮನೆ ಸೇರುವುದು ಅವಳ ದಾರಿ. ಮರಗಳ ಹೆಸರು ಅವಳಿಗೆ ಒಂದೂ ಗೊತ್ತಿರಲಿಲ್ಲ. ಕೆರೆ ದಂಡೆಯದು ಬೇಬಿ ಪಿಂಕು. ಇಂದಿರಾನಗರದಲ್ಲಿ ಎಲೆಯೇ ಇಲ್ಲದೆ ಹಳದಿ ಸುರಿಸುತ್ತಿದ್ದದ್ದು ಲೆಮನ್ನು. ಆಗಷ್ಟೇ ಚಿಗುರಿದ ಹೊಂಗೆ ಗಿಣಿ ಹಸಿರು. ಬಂಗಲೆ ರಸ್ತೆಯ ಜಕರಂದ ಲ್ಯಾವೆಂಡರು. ಮರದಿಂದ ಹೂ ಕೀಳುತ್ತಿರಲಿಲ್ಲ. ಕೆಳಗೆ ಬಿದ್ದದ್ದರಲ್ಲೇ ಬಾಡದ ಒಂದನ್ನು ಹುಡುಕಿ, ಅದರ ಪಕ್ಕ ಚೂರು ಹಿಡಿದು, ಹೊಂದಿದರೆ ತಲೆಯಾಡಿಸಿ ಮುಂದಕ್ಕೆ ಹೋಗುತ್ತಿದ್ದಳು. ಅವಳ ಹಿಂದೆ ನಡೆಯುವ ಮೊದಲು ನನಗೆ ಈ ಊರಿನಲ್ಲಿ ಇಷ್ಟು ಮರ ಇವೆಯೆಂದೇ ಗೊತ್ತಿರಲಿಲ್ಲ. ನಾನು ಇಲ್ಲೇ ಹುಟ್ಟಿದವಳು, ಅವಳು ಬಸ್ಸು ಹತ್ತಿ ಬಂದವಳು. ನಾಚಿಕೆಯಾಗಿತ್ತು.

ಒಮ್ಮೆ ಕೆರೆಯ ಹತ್ತಿರದ ಮಿಲಿಟರಿ ಕಾಂಪೌಂಡಿನ ಗೇಟಿನಲ್ಲಿ ಕಾವಲಿನ ಸಿಪಾಯಿ ನಮ್ಮನ್ನು ತಡೆದ. ಗೋಡೆಯ ಪಕ್ಕ ಬಟ್ಟೆ ಚೂರು ಎತ್ತಿ ಹಿಡಿದು ಏನೋ ಸನ್ನೆ ಮಾಡುತ್ತಿದ್ದೇವೆಂದು ಅವನ ಅನುಮಾನ. ನಾನು ಅವಳ ಹಿಂದೆ ಸರಿದೆ. ಭಾಗಮ್ಮಕ್ಕ ತನ್ನ ಗುಲ್ಬರ್ಗದ ದಖನಿ ಉರ್ದುವಿನಲ್ಲಿ, "ಫೂಲ್ ನಕ್ಕೋ ಭಾಯಿ, ಖಾಲಿ ರಂಗ್ ದೇಖ್ಕೋ ಜಾತ್ಯುಂ" ಅಂದಳು, ಹೂವು ಬೇಡ, ಬಣ್ಣ ನೋಡಿ ಹೋಗ್ತೀನಿ ಅಂತ. ಅವನಿಗೆ ಅರ್ಥವಾಯಿತೋ ಇಲ್ಲವೋ. ಪಿನ್ನಿನ ಚೂರುಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿದ. ಆಮೇಲೆ ತಾನೇ ಒಳಗೆ ಹೋಗಿ ಮರದ ಕೆಳಗಿನಿಂದ ನಾಲ್ಕು ಹೂ ಆರಿಸಿ ತಂದು ಗೇಟಿನ ಸಂದಿಯಿಂದ ಕೊಟ್ಟ. ಭಾಗಮ್ಮಕ್ಕ ಅದರಲ್ಲಿ ಎರಡು ಬಾಡಿವೆಯೆಂದು ವಾಪಸು ಕೊಟ್ಟಳು.

ಹೀಗೆ ಏಳೆಂಟು ವರ್ಷ ನಡೆಯಿತು. ಆಮೇಲೊಂದು ವರ್ಷ ಜಕರಂದದ ಕೆಳಗಿಂದ ಅವಳು ಮುಂದಕ್ಕೆ ಹೋಗಲಿಲ್ಲ. ಹೂವಿನ ಪಕ್ಕ ಒಂದು ಚೂರು ಹಿಡಿದಳು, ಇನ್ನೊಂದು ಹಿಡಿದಳು. "ಈ ಸಲ ಮರ ಬೂದಿ ಆಗ್ಯದ ನೋಡು ತಂಗಿ. ಗಾಡಿ ಹೊಗಿ ಕುಡದು ಕುಡದು" ಅಂದಳು. ನನಗೆ ಮರ ಎಂದಿನಂತೆಯೇ ಕಾಣುತ್ತಿತ್ತು. ಅವಳ ಕೈಯಲ್ಲಿದ್ದ ಚೂರು ಬೂದು ಬಣ್ಣದ್ದು. ಹೌದಕ್ಕ, ಹೊಗೆ ಜಾಸ್ತಿಯಾಗಿದೆ ಅಂದುಬಿಟ್ಟೆ.

ಅಲ್ಲಿಂದ ನನ್ನ ಕಳ್ಳಾಟ ಶುರುವಾಯಿತು. ನೇರಳೆ ಸೀರೆಗೆ ಕಂದು ಪೀಸು ಬಂತು, ನೀಲಿಗೆ ಬೂದು ಬಂತು. ಬಿಸಿಲಿನಲ್ಲಿ ನಿಂತು ಅಷ್ಟು ಗಟ್ಟಿಯಾಗಿ ಹೇಳಿ ಕೊಡುತ್ತಿದ್ದಳೆಂದರೆ, ಗಿರಾಕಿಗಳು ತಮ್ಮ ಕಣ್ಣನ್ನೇ ಅನುಮಾನಿಸಿ ತಂದು ನನ್ನ ಮುಂದಿಡುತ್ತಿದ್ದರು. ಬ್ಲೌಸು ಹೊಲಿದು ಅವರು ಮದುವೆಮನೆಗೆ ಉಟ್ಟು ಹೋದರೆ ಭಾಗಮ್ಮಕ್ಕನ ಹೆಸರು ಏನಾಗಬೇಕು? ಅವಳಿಗಿದ್ದ ಆಸ್ತಿಯೆಂದರೆ ಆ ಹೆಸರೊಂದೇ. ಹಾಗಾಗಿ ನಾನೇ ಶಿವಾಜಿನಗರಕ್ಕೆ ಹೋಗಿ ಸರಿಯಾದ ಪೀಸು ತಂದು, ಗುಟ್ಟಾಗಿ ಅದರಲ್ಲೇ ಹೊಲಿದು ಕೊಡತೊಡಗಿದೆ. ಹೊಲಿದದ್ದನ್ನು ಕಂಡವರು, ಬಿಸಿಲಿನಲ್ಲಿ ಭಾಗಮ್ಮಕ್ಕ ಹೇಳಿದ್ದೇ ಸರಿ, ತಮ್ಮ ಕಣ್ಣೇ ತಪ್ಪು ಅಂದುಕೊಂಡರು. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡು ಒಳಗೊಳಗೇ ಬೀಗುತ್ತಲೂ ಇದ್ದೆ.

ದೀಪಾವಳಿಯ ಹೊತ್ತಿಗೆ ಸಿಕ್ಕಿಬಿದ್ದೆ. ನಮ್ಮ ಗಿರಾಕಿಯಾಗಿದ್ದ ಸ್ಕೂಲ್ ಟೀಚರೊಬ್ಬರು ಆ ನೇರಳೆ ಸೀರೆಯನ್ನೇ ಉಟ್ಟು ಅವಳ ಅಂಗಡಿಗೆ ಹೋಗಿ, ಎಷ್ಟು ಚೆನ್ನಾಗಿ ಮ್ಯಾಚ್ ಮಾಡಿ ಕೊಟ್ಟಿರಿ ಎಂದು ಹೊಗಳಿದರಂತೆ. ಭಾಗಮ್ಮಕ್ಕ ಸಂತೋಷದಿಂದ ಅವರ ಬ್ಲೌಸಿನ ತೋಳನ್ನು ಮುಟ್ಟಿದ್ದಾಳೆ. ಕಣ್ಣು ಮೋಸ ಮಾಡಿದರೂ ಅವಳ ಬೆರಳು ಮೋಸ ಮಾಡುವಂಥದ್ದಲ್ಲ. ಆ ಬಟ್ಟೆಯ ನೇಯ್ಗೆ ಬೇರೆ. ಅಂಗಡಿ ಮುಚ್ಚಿ ನೇರ ನನ್ನ ಮನೆಗೆ ಬಂದಳು. ನಾನು ಮಿಷನ್ ಮುಂದೆ ಕೂತಿದ್ದೆ.

"ಎಷ್ಟು ಮಂದಿಗೆ ಬದಲಿ ಮಾಡಿದಿ?"

"ಒಂಬತ್ತು ಜನಕ್ಕೆ, ಅಕ್ಕ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಸುಖವಿತ್ತು. "ಮಂದಿ ಮುಂದ ನನ್ನ ಮರ್ಯಾದಿ ಉಳಿಸಿದಿ, ಖರೆ ಅದ. ಆದ್ರ ನನ್ನ ಕಣ್ಣಿನ ಸುದ್ದಿ ನನಗ ಹೇಳಲಿಲ್ಲ. ಹೇಳಿದ್ದಿ ಅಂದ್ರ ನಾ ಅವತ್ತೇ ದವಾಖಾನಿಗಿ ಹೋಗ್ತಿದ್ದೆ" ಅಂದಳು. ನಾನು ಅಳತೊಡಗಿದೆ. ಅವಳು ಎದ್ದು ಹೋದಳು. ಆಮೇಲೆ ನಾಲ್ಕು ತಿಂಗಳು ನನ್ನ ಜೊತೆ ಮಾತಿಲ್ಲ. ಅಂಗಡಿಯ ಬಾಗಿಲೂ ತೆರೆಯಲಿಲ್ಲ. ಆ ದಾರಿಯಲ್ಲಿ ಹೋಗುವಾಗ ನಾನು ಹಣ್ಣಿನಂಗಡಿಯ ಕಡೆಗೆ ಮುಖ ಮಾಡಿಕೊಂಡು ನಡೆಯುತ್ತಿದ್ದೆ.

ಶಿವರಾತ್ರಿ ಕಳೆದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ಅವಳ ದನಿ ಕೇಳಿಸಿತು. ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದಳು. ಎರಡು ಕಣ್ಣಿಗೂ ಪೊರೆ ಬಂದಿತ್ತಂತೆ, ಒಂದರದು ತೆಗೆಸಿ ತಿಂಗಳಾಗಿತ್ತು, ಇನ್ನೊಂದು ಬಾಕಿಯಿತ್ತು. ಪಿನ್ನು ಕೈಯಲ್ಲೇ ಇತ್ತು. "ನಡಿ" ಅಂದಳು, ನಾನು ಚಪ್ಪಲಿ ಮೆಟ್ಟಿ ಹೊರಟೆ.

ಅವತ್ತು ಬೇರೆ ಯಾವ ಮರದ ಹತ್ತಿರವೂ ನಿಲ್ಲದೆ ನೇರ ಬಂಗಲೆ ರಸ್ತೆಗೆ ಹೋದೆವು. ಜಕರಂದದ ಕೆಳಗೆ ಕನ್ನಡಕ ತೆಗೆದು ತಲೆಯೆತ್ತಿದಳು. ಒಂದು ಕಣ್ಣು ಮುಚ್ಚಿ ನೋಡಿದಳು, ಆಮೇಲೆ ಅದನ್ನು ಬಿಟ್ಟು ಇನ್ನೊಂದನ್ನು ಮುಚ್ಚಿದಳು. ಮತ್ತೆ ಅದು, ಮತ್ತೆ ಇದು. "ಇದರಾಗ ಬೂದಿ. ಇದರಾಗ ಲ್ಯಾವೆಂಡರು. ಏ ತಂಗಿ, ಒಂದೇ ಮರ ನೋಡು, ಎರಡು ಮರ ಆಗ್ಯದ" ಅಂತ ಸಣ್ಣ ಹುಡುಗಿಯ ಹಾಗೆ ನಗತೊಡಗಿದಳು. ಒಬ್ಬ ಆಟೋದವನು ತನಗೇ ಕಣ್ಣು ಹೊಡೆಯುತ್ತಿದ್ದಾಳೆಂದು ತಿಳಿದು ಗಾಡಿ ನಿಧಾನ ಮಾಡಿದ. ಹತ್ತಿರದಿಂದ ಅವಳ ವಯಸ್ಸು ಕಂಡು ಗಾಬರಿಯಿಂದ ಗೇರು ಹಾಕಿ ಓಡಿದ. ನಾವಿಬ್ಬರೂ ಫುಟ್‌ಪಾತಿನ ಮೇಲೆ ಹೂವಿನ ನಡುವೆಯೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಎರಡನೆಯ ಕಣ್ಣೂ ಸರಿಹೋದ ಮೇಲೆ ಆ ಒಂಬತ್ತು ಬ್ಲೌಸುಗಳನ್ನೂ ಅವುಗಳ ಸೀರೆಗಳನ್ನೂ ಹೇಗೋ ತರಿಸಿ ಬಿಸಿಲಿಗಿಟ್ಟು ಪರೀಕ್ಷೆ ಮಾಡಿದಳು. ನಾನು ಬದಲಿಸಿದವುಗಳಲ್ಲಿ ಎರಡು ಸೀರೆಗೆ ಹೊಂದುತ್ತಲೇ ಇರಲಿಲ್ಲವಂತೆ. ನನ್ನ ಪೊರೆಗಣ್ಣಿಗೂ ನಿನ್ನ ಒಳ್ಳೆ ಕಣ್ಣಿಗೂ ಭಾಳ ಫರಕಿಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. ಆ ಎರಡಕ್ಕೂ ತಾನೇ ಹೊಸ ಪೀಸು ಕೊಟ್ಟಳು, ನಾನು ಬಾಯಿ ಮುಚ್ಚಿಕೊಂಡು ಹೊಲಿದೆ.

ಮೂರು ವರ್ಷದ ಮೇಲೆ, ಗುಲ್ಬರ್ಗ ಕಡೆಗೇ ಮದುವೆಯಾಗಿ ಹೋಗಿದ್ದ ಅವಳ ಮಗಳು ಅಲ್ಲೇ ಬಟ್ಟೆ ಅಂಗಡಿ ಹಾಕಿ, ಬಣ್ಣ ನೋಡಲು ಅವ್ವನೇ ಬೇಕೆಂದು ಹಟ ಹಿಡಿದಳು. ಭಾಗಮ್ಮಕ್ಕ, ಮಲ್ಲಣ್ಣ ಇಬ್ಬರೂ ಹೊರಟರು. ರೈಲು ಸಂಜೆಗಿತ್ತು. ಮಧ್ಯಾಹ್ನ ಭಾಗಮ್ಮಕ್ಕ ನನ್ನ ಮನೆಗೆ ಬಂದು, ಹೋದ ವಾರ ಅವಳಿಗೆ ತೋರಿಸಿದ್ದ ನನ್ನ ಹೊಸ ಸೀರೆಗೆಂದು ಒಂದು ಪೀಸು ಮಡಿಲಲ್ಲಿಟ್ಟಳು. ತಾನೇ ಆರಿಸಿದ್ದು, ನೆನಪಿಗೆ ಇರಲಿ ಅಂದಳು. ನಾನು ಸೀರೆ ತಂದು ಬಾಗಿಲ ಬಿಸಿಲಿಗೆ ಹಿಡಿದೆ. ಹೊಂದುತ್ತಿರಲಿಲ್ಲ. ಒಂದು ಎಳೆಯಷ್ಟು ಕೆಂಪು ಜಾಸ್ತಿಯಿತ್ತು. ಊರು ಬಿಟ್ಟು ಹೋಗುತ್ತಿರುವವಳು ಪ್ರೀತಿಯಿಂದ ತಂದದ್ದು, ಇವತ್ತೊಂದು ದಿನ ಚೆನ್ನಾಗಿದೆ ಅಂದರೆ ಏನಾಗುತ್ತದೆ ಅನ್ನಿಸಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಕ್ಕ, ಇದು ಹೊಂದಲ್ಲ" ಅಂದೆ.

ಭಾಗಮ್ಮಕ್ಕ ಚೀಲಕ್ಕೆ ಕೈ ಹಾಕಿ ಮೊದಲೇ ಮಡಿಸಿಟ್ಟುಕೊಂಡಿದ್ದ ಇನ್ನೊಂದು ಪೀಸು ತೆಗೆದು ಸೀರೆಯ ಮೇಲೆ ಹರಡಿದಳು. ಎಲ್ಲಿ ಸೀರೆ ಮುಗಿಯಿತು, ಎಲ್ಲಿ ಪೀಸು ಶುರುವಾಯಿತು ಅಂತ ಗೊತ್ತಾಗಲಿಲ್ಲ.

"ಇನ್ನ ನಾ ಹೋಗ್ತೀನಿ" ಅಂದಳು.