ದಾರಿಗೆ ಹಾಕಿದ ಸೊಪ್ಪು

ಎರಡು ವರ್ಷದ ಹಿಂದೆ, ಫೆಬ್ರವರಿ ತಿಂಗಳ ಒಂದು ಬುಧವಾರ, ಮಧ್ಯಾಹ್ನ ಮೂರು ದಾಟಿದ ಹೊತ್ತು. ಇದ್ದವರು ನಾನು, ನನ್ನ ಹೆಂಡತಿ ಪುಟ್ಟತಾಯಮ್ಮ, ಇಬ್ಬರೇ. ಸ್ಥಳ ಥಾಯ್ಲೆಂಡಿನ ಒಂದು ಬಂದರು. ಹೆಸರು ಬೇಡ. ಒಳ್ಳೆಯ ಊರು, ಹೋಗುವವರು ನನ್ನ ಮಾತು ಕೇಳಿ ಹಿಂಜರಿಯಬಾರದು.

ನಾನು ಇಂಥವನ್ನೆಲ್ಲ ನಂಬುವವನಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಬಹಳ ವರ್ಷ ಕಂಟ್ರೋಲರ್ ಆಗಿದ್ದೆ. ರಾಮಾಪುರದ ಕಾಡಂಚಿನಲ್ಲಿ ಒಬ್ಬ ಮುದುಕಿ ಗಾಡಿಗೆ ಅಡ್ಡ ಬಂದು ಮಾಯವಾದಳು ಎಂದು ಡ್ರೈವರ್ ಯಾರಾದರೂ ಹೇಳಿದರೆ, "ಅದಿರ್ಲಿ, ಯಾಕೆ ಲೇಟು ಅದನ್ನ ಹೇಳಪ್ಪ" ಎನ್ನುತ್ತಿದ್ದೆ. ಈಗ ನಾನೇ ಬರೆಯಲು ಕೂತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಿವೃತ್ತರಾದ ನಾವು ನಾಲ್ಕು ಜೋಡಿ ಸೇರಿ ಸಿಂಗಪುರದಿಂದ ಹೊರಡುವ ಹಡಗಿನಲ್ಲಿ ಹೋಗಿದ್ದೆವು. ಬಂದರು ಬಂದಾಗ ಉಳಿದವರು ಹಡಗಿನವರೇ ಏರ್ಪಾಡು ಮಾಡಿದ ಬಸ್ಸಿನಲ್ಲಿ ಊರು ನೋಡಲು ಹೊರಟರು. ಬಾವುಟ ಹಿಡಿದವನ ಹಿಂದೆ ನಡೆಯುವುದು ನನಗೆ ಆಗದು. ನಾವಿಬ್ಬರೇ ಹೋಗಿ ಬರುತ್ತೇವೆ ಎಂದೆ. ನಮ್ಮ ಗುಂಪಿನಲ್ಲೇ ಇದ್ದ, ಹಿಂದೆ ಡ್ರೈವರ್ ಆಗಿದ್ದ ಶಿವಮಲ್ಲು ನಕ್ಕ.

"ಕಂಟ್ರೋಲ್ರು ಬರ್ನಿಲ್ಲ ಅಂತ ನಿಲ್ಸಕ್ಕೆ ಇದೇನ್ ಅನೂರ್ ಬಸ್ಸಾ ಸಾ?"

"ಹನೂರು ಬಸ್ಸನ್ನೂ ನಾನು ಯಾರಿಗೂ ನಿಲ್ಸಿದೋನಲ್ಲ ಕಣಯ್ಯ" ಎಂದೆ.

ಅದು ನಿಜ. ಹಾಗಾಗಿ ಹಡಗೂ ನಮಗಾಗಿ ನಿಲ್ಲುವುದಿಲ್ಲ ಎಂಬುದು ನನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಪಾಸ್‌ಪೋರ್ಟ್‌ಗಳು ಹಡಗಿನವರ ಬಳಿ ಇದ್ದವು. ಪುಟ್ಟತಾಯಮ್ಮ ರಾತ್ರಿ ಊಟಕ್ಕೆ ಮುಂಚೆ ತೆಗೆದುಕೊಳ್ಳುವ ಇನ್ಸುಲಿನ್ ನಮ್ಮ ಕೋಣೆಯ ಫ್ರಿಜ್ಜಿನಲ್ಲಿತ್ತು. ಹಡಗು ತಪ್ಪಿದರೆ ಕೈಯಲ್ಲಿ ಉಳಿಯುವುದು ಜೆರಾಕ್ಸ್ ಪ್ರತಿ ಮಾತ್ರ. ಹಾಗಾಗಿ ತಯಾರಿ ಸರಿಯಾಗಿಯೇ ಮಾಡಿಕೊಂಡಿದ್ದೆ. ಗಡಿಯಾರ ಊರಿನ ಗಂಟೆಗಲ್ಲ, ಹಡಗಿನ ಗಂಟೆಗೆ. ದುಡ್ಡು ಎರಡು ಜೇಬಿನಲ್ಲಿ. ಬಂದರಿನ ಗೇಟಿನ ಫೋಟೊ ಮೊಬೈಲಿನಲ್ಲಿ. ನಾಲ್ಕಕ್ಕೆ ಒಳಗಿರಬೇಕೆಂದು ಅವರು ಹೇಳಿದ್ದರು. ನಾನು ಮೂರಕ್ಕೇ ಎಂದು ಇಟ್ಟುಕೊಂಡಿದ್ದೆ.

ಮಧ್ಯಾಹ್ನದವರೆಗೆ ಎಲ್ಲ ಸುಸೂತ್ರ. ಸಂತೆ ನೋಡಿದೆವು, ಒಂದು ಗುಡಿ ನೋಡಿದೆವು, ಕಬ್ಬಿನ ಹಾಲು ಕುಡಿದೆವು. ಸತ್ತೇಗಾಲದ ಕಬ್ಬಿನ ಮುಂದೆ ಇದು ಸಪ್ಪೆ ಎಂದಳು, ಸಕ್ಕರೆ ಕಾಯಿಲೆಗೆ ಹೆದರಿ ಒಂದೇ ಗುಟುಕು ಕುಡಿದ ಪುಟ್ಟತಾಯಮ್ಮ.

ವಾಪಸ್ ಬರುವಾಗ ತಪ್ಪು ಮಾಡಿದೆ. ಬೆಳಗ್ಗೆ ನಾವು ಬಂದದ್ದು ಹಿಂದೆ ಎದುರುಬದುರು ಬೆಂಚು ಹಾಕಿದ, ನೀಲಿ ಬಣ್ಣದ ಬಾಡಿಗೆ ಗಾಡಿಯಲ್ಲಿ. ಅದೇ ನೀಲಿ, ಅದೇ ಅಂಕಿ ಬರೆದ ಗಾಡಿ ನಿಂತಿತ್ತು, ಹತ್ತಿದೆವು. ಒಂದು ರೂಟಿನ ಗಾಡಿ ಹೋದ ದಾರಿಯಲ್ಲೇ ತಿರುಗಿ ಬರುತ್ತದೆ ಎಂಬುದು ಬಸ್ಸಿನವನ ಲೆಕ್ಕ. ಅಲ್ಲಿ ಹಾಗಲ್ಲ. ಗಾಡಿ ಬೇರೆಲ್ಲೋ ಸುತ್ತಿ, ಮೀನುಗಾರರ ಕೇರಿಯೊಂದರ ಅಂಚಿನಲ್ಲಿ ನಿಂತಿತು. ಡ್ರೈವರ್ ಇಳಿಯಿರಿ ಎಂದು ಕೈ ಮಾಡಿದ. ಗೇಟಿನ ಫೋಟೊ ತೋರಿಸಿದೆ. ಆ ಕಡೆ ಎಂದು ಕೈ ತೋರಿಸಿ, ಗಾಡಿ ತಿರುಗಿಸಿಕೊಂಡು ಹೋಗಿಯೇಬಿಟ್ಟ. ಆಗಲೇ ಮೂರು ದಾಟಿತ್ತು. ಹಡಗಿನವರು ಕೊಟ್ಟಿದ್ದ ಬಂದರಿನ ಏಜೆಂಟರ ನಂಬರಿಗೆ ಮಾಡಿದರೆ ಫೋನ್ ಹೋಗಲೇ ಇಲ್ಲ. ಬೇರೆ ಗಾಡಿ ಒಂದೂ ಕಾಣಲಿಲ್ಲ.

ಆದರೆ ತಗಡಿನ ಮಾಡುಗಳ ಆಚೆ ನಮ್ಮ ಹಡಗಿನ ಹೊಗೆ ಕೊಳವೆ ಎದ್ದು ಕಾಣುತ್ತಿತ್ತು. ನಡೆದೇ ಹೋಗೋಣ ಎಂದೆ. ಕೇರಿಯೊಳಗೆ ಹೊಕ್ಕ ಮೇಲೆ ಹಡಗು ಮರೆಯಾಯಿತು. ಗಲ್ಲಿ ಒಡೆದು ಎರಡಾಗುವುದು, ಅದು ಮತ್ತೆ ಒಡೆಯುವುದು. ಬಿಸಿಲಿಗೆ ಜನ ಮನೆಯೊಳಗಿದ್ದರು. ಪುಟ್ಟತಾಯಮ್ಮನ ಮೊಣಕಾಲು ನೋಯಲು ಶುರುವಾಗಿತ್ತು. ಅವಳು ಹೇಳಲಿಲ್ಲ, ನಡಿಗೆಯಲ್ಲೇ ಗೊತ್ತಾಯಿತು.

ಮೊದಲ ಕವಲಿನಲ್ಲಿ ನಾನು ಎಡಕ್ಕೆ ತಿರುಗಿದೆ. ಅವಳು ನಿಂತಳು.

"ಅಲ್ಲ ಕಣ್ರಿ, ಆ ಕಡೀಕೆ ಸೊಪ್ಪಾಕವ್ರೆ ನೋಡಿ."

ನೋಡಿದೆ. ಎಡಗಡೆಯ ಗಲ್ಲಿಯ ಬಾಯಲ್ಲಿ ಎಲೆ ತುಂಬಿದ ಒಂದು ಹೊಂಗೆ ರೆಂಬೆ, ಅದರ ಮೇಲೊಂದು ಕಲ್ಲು. ಶಾಗ್ಯ ಅವಳ ತವರು. ಆ ಕಡೆಯವರು ಮಾದಪ್ಪನ ಬೆಟ್ಟಕ್ಕೆ ಗುಂಪಾಗಿ ನಡೆದು ಹೋಗುವಾಗ, ಮುಂದೆ ಹೋಗುವವರು ಕವಲಿನಲ್ಲಿ ತಪ್ಪುದಾರಿಗೆ ಹೀಗೆ ಸೊಪ್ಪು ಹಾಕಿ ಕಲ್ಲಿಡುತ್ತಿದ್ದರು. ಹಿಂದೆ ಬರುವವರಿಗೆ ಇಲ್ಲಿ ಬರಬೇಡಿ ಎಂದು ಗುರುತು. ರೆಂಬೆಯ ಬುಡ ಬರುವವರ ಕಡೆಗೆ ಇರಬೇಕು. ಇಲ್ಲೂ ಬುಡ ನಮ್ಮ ಕಡೆಗೇ ಇತ್ತು.

ಗಾಳಿಗೆ ಬಿದ್ದಿರಬೇಕು ಎಂದೆ. "ಗಾಳಿ ಕಲ್ಲು ಮಡಗ್ತದಾ?" ಎಂದಳು. ಬಲಕ್ಕೆ ಹೋದೆವು. ಮುಂದಿನ ಕವಲಿನಲ್ಲೂ ರೆಂಬೆ, ಕಲ್ಲು. ಅದರ ಮುಂದಿನದರಲ್ಲೂ. ಮುರಿದ ಕಡೆ ಹಸಿ ಆರಿರಲಿಲ್ಲ. ಆಮೇಲೆ ಬಂದ ಕವಲಿನಲ್ಲಿ ಸೊಪ್ಪು ಹಾಕಿದ ಗಲ್ಲಿಯ ತುದಿಗೆ ಹಡಗು ದೊಡ್ಡದಾಗಿ, ಬಿಳಿ ಗೋಡೆಯ ಹಾಗೆ ಕಾಣಿಸಿತು.

"ಬ್ಯಾಡ ಕಣ್ರಿ" ಎಂದಳು.

"ಸುಮ್ಕಿರಮ್ಮಿ. ಕಣ್ಣೆದುರಿಗೆ ಹಡಗು ಕಾಣ್ತಾ ಅದೆ. ಸೊಪ್ಪು ನೋಡ್ಕಂಡು ನಿಂತ್ರೆ ಅದು ಹೊರಟೋಯ್ತದೆ."

ರೆಂಬೆ ದಾಟಿ ಹೋದೆವು. ಗಲ್ಲಿ ಕೆಸರಿನ ಮೇಲೆ ಹಾಕಿದ ಹಲಗೆಗಳ ಮೇಲೆ ಸಾಗಿ, ನೀರಿನಲ್ಲಿ ಮುಗಿಯಿತು. ಹಡಗು ಆಚೆ ದಡದಲ್ಲಿತ್ತು. ಕೊನೆಯ ಹಲಗೆ ನನ್ನ ಕಾಲ ಕೆಳಗೆ ಲಟಕ್ಕೆಂದಿತು. ಪುಟ್ಟತಾಯಮ್ಮ ಹಿಂದಿನಿಂದ ನನ್ನ ಅಂಗಿ ಹಿಡಿದು ಎಳೆದಳು. ಅವಳು ಎಳೆಯದಿದ್ದರೆ ಆ ಕೆಸರಿಗೆ ಇಳಿಯುತ್ತಿದ್ದೆ.

ಅದೇ ಕವಲಿಗೆ ವಾಪಸ್ ಬಂದೆವು. ನಾವು ದಾಟಿದ ರೆಂಬೆಯ ಮೇಲೆ ಇನ್ನೊಂದು ರೆಂಬೆ ಬಿದ್ದಿತ್ತು. ಅದಕ್ಕೂ ಕಲ್ಲು. ಎದುರು ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ಮೀನು ಉಜ್ಜುತ್ತಿದ್ದಳು. ನಾನು ರೆಂಬೆ ತೋರಿಸಿ ಯಾರು ಎಂದು ಸನ್ನೆ ಮಾಡಿದೆ. ಅವಳು ರೆಂಬೆ ನೋಡಿದಳು, ನಮ್ಮನ್ನು ನೋಡಿದಳು, ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲೆ ಸೊಪ್ಪಿಲ್ಲದ ಕಡೆಗೇ ನಡೆದೆ, ಹೆಂಡತಿಯ ಕೈ ಬಿಡದೆ. ಹಿಂತಿರುಗಿ ನೋಡುವ ಧೈರ್ಯ ಬರಲಿಲ್ಲ. ಕೊನೆಗೆ ಗಲ್ಲಿ ಡಾಂಬರು ರಸ್ತೆಗೆ ಸೇರಿತು. ಎದುರಿಗೇ ಫೋಟೊದಲ್ಲಿದ್ದ ಗೇಟು. ಹಡಗಿನ ಏಣಿ ಎತ್ತಲು ಇನ್ನು ಕೆಲವೇ ನಿಮಿಷವಿತ್ತು. ಮೇಲಿನಿಂದ ಶಿವಮಲ್ಲು ಕೂಗಿದ, "ಏನ್ ಕಂಟ್ರೋಲ್ರೇ, ಗಾಡಿ ಲೇಟು?" ನಾನು ಕೈ ಬೀಸಿ ಏಣಿ ಹತ್ತಿದೆ.

ಊಟದ ಹೊತ್ತಿನಲ್ಲಿ, ಬಡಿಸುತ್ತಿದ್ದ ಥಾಯ್ ಹುಡುಗಿಯನ್ನು ಕೇಳಿದೆ. ಅಂಥ ಪದ್ಧತಿ ತಾನು ಕೇಳಿಲ್ಲ ಎಂದಳು. "ಐಕ್ಳು ಆಟಕ್ಕೆ ಆಕಿರ್ತವೆ ಬುಡಿ ಸಾ" ಎಂದ ಶಿವಮಲ್ಲು. ಇರಬಹುದು. ಹೊಂಗೆ ಅಲ್ಲೂ ಬೆಳೆಯುತ್ತದೆ, ನಾನೇ ಬಂದರಿನ ಬಳಿ ನೋಡಿದ್ದೇನೆ. ಆದರೆ ನಾವು ದಾಟಿ ಹೋದ ಮೇಲೆ ಬಿದ್ದ ಆ ಎರಡನೆಯ ರೆಂಬೆಗೆ ಅವನ ಮಾತು ಸಾಲದು.

ಕೋಣೆಗೆ ಬಂದಾಗ ಪುಟ್ಟತಾಯಮ್ಮ ಸಪ್ಪಗಿದ್ದಳು. ಊಟಕ್ಕೆ ಮುಂಚೆ ಇಂಜೆಕ್ಷನ್ ಆಗಿತ್ತು, ಹಾಗಾಗಿ ಅದಲ್ಲ. ಏನು ಎಂದು ಕೇಳಿದೆ.

"ನಾವು ತಪ್ಪು ಮಾಡ್ಬುಟ್ವು ಕಣ್ರಿ. ಕಡೇಲಿ ಬರೋರು ಸೊಪ್ಪ ಎತ್ತಾಕ್ಬೇಕು. ಇಲ್ದಿದ್ರೆ ಆ ಕಡೀಕೇ ಹೋಗ್ಬೇಕಾದ ಬ್ಯಾರೆ ಜನ ದಾರಿ ತಪ್ತಾರೆ. ನಾವು ಒಂದ್ನೂ ಎತ್ನಿಲ್ಲ."

"ನಾವೇ ಕಡೆಯವರು ಅಂತ ನಿನಗ್ಯಾರು ಹೇಳಿದ್ರು?" ಎಂದುಬಿಟ್ಟೆ. ಸಮಾಧಾನಕ್ಕೆಂದು ಆಡಿದ ಮಾತು. ಆಡಿದ ಮೇಲೆ ಇಬ್ಬರೂ ಬಾಗಿಲ ಕಡೆ ನೋಡಿದೆವು.

ಅವಳ ಮೊಣಕಾಲಿಗೆ ಎಣ್ಣೆ ಉಜ್ಜಿದೆ. ಕೈ ತೊಳೆದೆ. ಬಾಗಿಲಿನ ಚಿಲಕ ಹಾಕಿ, ಹಾಕಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡಿ ಮಲಗಿದೆ.