ಹಳದಿ ಚುಕ್ಕೆಯ ಪೆಟ್ಟಿಗೆ

ಔಷಧಿ ಪುಡಿಯ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಬೇರು, ತೊಗಟೆ ಆರಿಸಿದ ಕೈ. ಚೀಲದ ಬಾಯಿ ಬಿಚ್ಚಿದರೆ ಸಾಕು, ಮುಗ್ಗಲು ಹಿಡಿದಿದೆಯೋ ಇಲ್ಲವೋ ಮೂಸಿ ಹೇಳಿಬಿಡುತ್ತಿದ್ದಳು. ಆದರೂ ಪುಡಿ ತುಂಬಿದ ಪೆಟ್ಟಿಗೆಗಳೆಲ್ಲ ಲಾರಿ ಹತ್ತಿ ಕ್ರಿಮಿ ಕೊಲ್ಲುವ ಗಾಮಾ ಕಿರಣದ ಘಟಕಕ್ಕೆ ಹೋಗಿಬರಬೇಕಿತ್ತು. ಹೋಗುವಾಗ ಪೆಟ್ಟಿಗೆಯ ಮೇಲೆ ಹಳದಿ ಚುಕ್ಕೆ. ಕಿರಣ ತಾಗಿ ಬಂದರೆ ಅದು ಕೆಂಪಾಗಿರುತ್ತಿತ್ತು.

"ಇಷ್ಟು ಚೊಕ್ಕ ಮಾಡಿದ್ದಕ್ಕೆ ಮತ್ತೆ ಅದ್ಯಾಕೆ ಸರ್? ಇದ್ದ ಸತ್ವಾನೂ ಸುಟ್ಟುಹೋಗತ್ತೆ," ಎಂದು ಗೊಣಗುತ್ತಿದ್ದಳು.

"ಸುಡಲ್ಲಕ್ಕ, ಬಿಸೀನೂ ಆಗಲ್ಲ. ನಿಮ್ಮ ಮೂಗಿಗೆ ಮುಗ್ಗಲು ಸಿಗತ್ತೆ, ಮಣ್ಣಿನ ಕ್ರಿಮಿ ಸಿಗತ್ತಾ? ಸಿಕ್ಕಿದ್ರೆ ಹೇಳಿ, ಲ್ಯಾಬ್ ಮುಚ್ಚಿ ಮನೇಗೆ ಹೋಗ್ತೀನಿ," ಎಂದು ಲ್ಯಾಬಿನವನು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಮಾತು ಮಾತ್ರ ತಲೆಗಿಳಿಯುತ್ತಿರಲಿಲ್ಲ.

ಆ ವರ್ಷ ಅವಳ ತಮ್ಮನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಚಿಕಿತ್ಸೆಯ ಹೊಡೆತಕ್ಕೆ ಬಾಯೆಲ್ಲ ಹುಣ್ಣಾಗಿ ಗುಟುಕು ನೀರು ಇಳಿಸುವುದೂ ಕಷ್ಟವಾಯಿತು. ಮೈಗೆ ಕ್ರಿಮಿ ತಡೆಯುವ ಶಕ್ತಿಯಿಲ್ಲ, ಬೇಯಿಸಿದ್ದು ಬಿಟ್ಟು ಬೇರೇನೂ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಹುಣ್ಣಿಗೆ ತಂಪು ಕೊಡುವ ಜ್ಯೇಷ್ಠಮಧುವಿನ ಪುಡಿ ಔಷಧಿಯಲ್ಲವೇ, ತಿನಿಸಲ್ಲವಲ್ಲ ಎಂದುಕೊಂಡಳು. ಕೆಂಪು ಚುಕ್ಕೆಯ ಪೆಟ್ಟಿಗೆಗಳನ್ನು ದಾಟಿ ಹೋಗಿ, ಬೇಕೆಂದೇ ಹಳದಿ ಚುಕ್ಕೆಯದನ್ನು ಬಿಚ್ಚಿ, ಮೂಸಿ ನೋಡಿ, ಒಂದು ಡಬ್ಬಿ ತುಂಬಿಸಿ ತಂದಳು. ತಮ್ಮನಿಗೆ ಸತ್ವ ಇರುವುದೇ ಸಿಗಲಿ ಎಂದು.

"ಬಾಯಿ ತಂಪಾಯ್ತು ಕಣೇ ಅಕ್ಕ. ನಿನ್ನ ಮೂಗಿಗೊಂದು ಸನ್ಮಾನ ಮಾಡಿಸ್ಬೇಕು," ಎಂದ ಎರಡನೆಯ ದಿನ. ಐದನೆಯ ದಿನ ಚಳಿಜ್ವರ ಬಂತು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು, ಮಣ್ಣಿನಲ್ಲಿರುವ ಕ್ರಿಮಿ ರಕ್ತಕ್ಕೆ ಸೇರಿದೆ, ಏನಾದರೂ ಕೊಟ್ಟಿರಾ ಎಂದು ಕೇಳಿದರು. ಅವಳು ಬಚ್ಚಿಡಲಿಲ್ಲ.

"ಅದರಿಂದಾನೇ ಅಂತ ಹೇಳೋಕಾಗಲ್ಲಮ್ಮ, ಅಲ್ಲ ಅಂತಾನೂ ಹೇಳೋಕಾಗಲ್ಲ," ಎಂದರು. ಮೂರು ದಿನಕ್ಕೆ ತಮ್ಮ ಹೋದ.

ಆ ಮಾತು ತಮ್ಮನ ಹೆಂಡತಿಯ ಕಿವಿಗೆ ಬಿದ್ದಿರಲಿಲ್ಲ. ತಿಂಗಳು ಕಳೆಯಿತು. ಒಂದು ಮಧ್ಯಾಹ್ನ, ಗಂಡನ ಬಟ್ಟೆ ಮಡಿಸುತ್ತಿದ್ದ ಅವಳೆದುರು ಕೂತು ಅಕ್ಕ ಎಲ್ಲವನ್ನೂ ಹೇಳಿಬಿಟ್ಟಳು.

ತಮ್ಮನ ಹೆಂಡತಿ ಕೈಯಲ್ಲಿದ್ದ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ಅತ್ತಿಗೆ, ಅವ್ರು ಸಾಕು ಸಾಕು ಅಂದ್ರೂ ಆ ಪುಡಿ ಇನ್ನೊಂದು ಚಮಚ ಕಲಸಿ ಕುಡಿಸ್ತಿದ್ದೋಳು ನಾನು. ಇದನ್ನ ಈಗ ನಂಗ್ಯಾಕೆ ಹೇಳಿದ್ರಿ?"

ಹೊರೆ ಇಳಿಸಲು ಬಂದಿದ್ದ ಅಕ್ಕ ಉಳಿದ ಬಟ್ಟೆಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಮಡಿಸತೊಡಗಿದಳು.