ಆರನೆಯ ತುಂಡಿನ ಅಂಕಿ

ಬಸವರಾಜ, ನಿನ್ನನ್ನು ಕಳ್ಳನೆಂಬಂತೆ ಬರೆದುಕೊಟ್ಟವಳು ನಾನು. ಈ ಹನ್ನೊಂದು ವರ್ಷ ನೀನು ಯಾರ ಮೇಲೆ ಗುಮಾನಿ ಪಟ್ಟೆಯೋ ತಿಳಿಯದು — ಬಹುಶಃ ಯಾರ ಮೇಲೂ ಇಲ್ಲ, ಅದು ನಿನ್ನ ಸ್ವಭಾವವಲ್ಲ. ಗುಮಾನಿ ನನ್ನ ಸ್ವಭಾವ. ಹಾಲಿನ ಡಬ್ಬಿಯ ಮೇಲಿನ ತಾರೀಖು ಓದಿದ ಮೇಲೂ ಮೂಸಿ ನೋಡುವವಳು ನಾನು, ನೀನೇ ನಗುತ್ತಿದ್ದೆ.

ಲೀಡ್ಸ್‌ನಲ್ಲಿ ನಮ್ಮ ಓದಿನ ಮೂರನೆಯ ವರ್ಷ. ಆಯ್ದ ಕೆಲವರನ್ನಷ್ಟೇ ಸೇರಿಸಿಕೊಳ್ಳುವ ವಿಭಾಗದ ಎಂಜಿನಿಯರಿಂಗ್ ಗೌರವ ಸಂಘಕ್ಕೆ ನಮ್ಮಿಬ್ಬರ ಹೆಸರೂ ಹೋಗಿತ್ತು. ಬಾಗಲಕೋಟೆಯ ನೀನು, ದಾವಣಗೆರೆಯ ನಾನು. ಡಿಪ್ಲೊಮಾ ಮುಗಿಸಿ ಬಂದಿದ್ದ ನಾನು ಎರಡು ವರ್ಷ ದೊಡ್ಡವಳೆಂದು ಮೊದಲ ದಿನದಿಂದಲೇ ಅಕ್ಕ ಎಂದವನು ನೀನು. ಸಂಘಕ್ಕೆ ಸೇರಿದವರನ್ನು ಸೇತುವೆ ಕಟ್ಟುವ ಕಂಪನಿಯೊಂದು ಒಂದು ವರ್ಷದ ಕೆಲಸಕ್ಕಾಗಿ ನೇರವಾಗಿ ಸಂದರ್ಶನಕ್ಕೆ ಕರೆಯುತ್ತಿತ್ತು. ನಿನಗೆ ಅದು ಬೇಕಿತ್ತು — ನನಗೂ. ಅಂಕಗಳನ್ನು ನೋಡಿದ ಮೇಲೆ ಸಂಘದವರದು ಇನ್ನೊಂದು ಪದ್ಧತಿ: ಪ್ರತಿಯೊಬ್ಬರ ಬಗ್ಗೆ ಸಹಪಾಠಿ ಒಬ್ಬರು ಗುಟ್ಟಾಗಿ ಒಂದು ಹಾಳೆ ತುಂಬಿ ಕೊಡಬೇಕು. ‘ಇವರ ಪ್ರಾಮಾಣಿಕತೆಯ ಬಗ್ಗೆ ಸಂದೇಹವಿದೆಯೇ?’ ನಿನ್ನ ಹಾಳೆ ನನಗೆ ಬಂತು. ನನ್ನದು ಯಾರ ಕೈಯಲ್ಲಿದೆ ಎಂದು ಎರಡು ದಿನ ಕ್ಲಾಸಿನಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕುಳಿತೆ.

ಅದೇ ವಾರ ಲೈಬ್ರರಿಯಲ್ಲಿ ನೀನು ಚಹಾ ತರಲು ಎದ್ದು ಹೋದಾಗ ನಿನ್ನ ಲ್ಯಾಪ್‌ಟಾಪಿನಲ್ಲಿ ಲ್ಯಾಬ್ ವರದಿ ತೆರೆದಿತ್ತು. ಉಕ್ಕಿನ ತುಂಡುಗಳನ್ನು ಯಂತ್ರಕ್ಕೆ ಕಚ್ಚಿಸಿ, ಮುರಿಯುವ ತನಕ ಎಳೆದು, ಎಷ್ಟು ಭಾರ ತಡೆದವೆಂದು ಬರೆದುಕೊಳ್ಳುವ ಪ್ರಯೋಗ. ನಾವು ಬೆಳಿಗ್ಗೆ ಮಾಡಿದ್ದೆವು, ನಿಮ್ಮ ಸರದಿ ಮಧ್ಯಾಹ್ನ. ನಿನ್ನ ಪಟ್ಟಿಯ ಐದು ಅಂಕಿಗಳೂ ನನ್ನವೇ, ದಶಾಂಶ ಸಮೇತ. ನನ್ನ ಪಟ್ಟಿಯಲ್ಲಿ ಆರಿದ್ದವು. ಆ ಆರನೆಯದೇ ಏಕಿಲ್ಲ ಎಂದು ಪಟ್ಟಿಯನ್ನು ಇನ್ನೊಮ್ಮೆ ಎಣಿಸಿದೆ. ಆಮೇಲೆ ಸಮಾಧಾನ ಹೇಳಿಕೊಂಡೆ — ಕದ್ದದ್ದು ಗೊತ್ತಾಗಬಾರದೆಂದು ಒಂದನ್ನು ಬಿಟ್ಟಿದ್ದಾನೆ, ಅಷ್ಟೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ನಿನ್ನನ್ನು ಒಂದು ಮಾತು ಕೇಳಲಿಲ್ಲ. ಹಾಳೆಯಲ್ಲಿ ಬರೆದೆ: ‘ಇವರ ಲ್ಯಾಬ್ ಅಂಕಿಗಳು ನನ್ನವು. ನಾನು ಕೊಟ್ಟಿಲ್ಲ.’ ಎರಡು ವಾಕ್ಯ, ಎರಡೂ ನಿಜ.

ಹಾಳೆ ಕೊಟ್ಟ ಮೂರನೆಯ ದಿನ ಲ್ಯಾಬಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಡೆರೆಕ್ ಏನೋ ಮಾತಿಗೆ ಹೇಳಿದ: ಅಂದು ಮಧ್ಯಾಹ್ನ ಯಂತ್ರ ಕೆಟ್ಟು ನಿಂತಿತ್ತು, ಪ್ರೊಫೆಸರನ್ನು ಕೇಳಿಯೇ, ಯಂತ್ರದಲ್ಲಿ ಉಳಿದಿದ್ದ ನಮ್ಮ ಬೆಳಗಿನ ಅಂಕಿಗಳ ಫೈಲನ್ನು ನಿಮ್ಮ ತಂಡಕ್ಕೆ ಕೊಟ್ಟಿದ್ದನಂತೆ. ಆ ಫೈಲಿನಲ್ಲಿ ಇದ್ದದ್ದೇ ಐದು. ನನ್ನ ಆರನೆಯ ತುಂಡು ಯಂತ್ರದ ಹಿಡಿತದಿಂದ ಜಾರಿತ್ತು, ಅಂಕಿ ಬಂದಿರಲೇ ಇಲ್ಲ. ಉಳಿದವುಗಳ ಜೊತೆ ಹೊಂದುವಂಥದ್ದೊಂದನ್ನು ನಾನೇ ಬರೆದು ಸೇರಿಸಿದ್ದೆ.

ಸಂಘದ ಆಯ್ಕೆ ಸಮಿತಿ ಸೇರಲು ಇನ್ನೂ ನಾಲ್ಕು ದಿನವಿತ್ತು. ಒಂದು ಮೇಲ್ ಸಾಕಿತ್ತು. ಆದರೆ ನೀನು ಕದ್ದಿಲ್ಲವೆಂದು ತೋರಿಸಬೇಕಾದರೆ ಆ ಫೈಲು ತೆರೆಯಬೇಕು, ತೆರೆದರೆ — ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕಳಿಸಲಿಲ್ಲ.

ನಾನು ಆಯ್ಕೆಯಾದೆ. ನೀನು ಆಗಲಿಲ್ಲ, ಕಾರಣವನ್ನು ಅವರು ಯಾರಿಗೂ ಹೇಳುವುದಿಲ್ಲ. ಹೆಡಿಂಗ್ಲಿಗೆ ಹೋಗುವ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಕುಳಿತು ನೀನು ಕೇಳಿದ್ದು ಕಿವಿಯಲ್ಲೇ ಇದೆ.

“ಯಾರರ ಏನರ ಬರದಾರೇನಕ್ಕಾ?”

“ಹುಚ್ಚಪ್ಪ, ಯಾರು ಬರೀತಾರೆ? ಮಾರ್ಕ್ಸ್ ಕಡಿಮೆ ಬಿದ್ದಿರಬೇಕು ಬಿಡು.”

“ಇರಬೌದು,” ಎಂದೆ ನೀನು. ನಿನ್ನ ಅಂಕಗಳು ನನಗಿಂತ ಹೆಚ್ಚು ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ಒಂದು ವರ್ಷದ ಕೆಲಸ ನನಗೆ ಸಿಕ್ಕಿತು. ನನ್ನ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಸೇತುವೆ ಎಂದರೆ ಜೀವ ಬಿಡುತ್ತಿದ್ದ ನೀನು ನಾಟಿಂಗ್‌ಹ್ಯಾಮ್‌ನಲ್ಲಿ ಟ್ರಾಮ್ ರಿಪೇರಿಗೆ ಸೇರಿದೆ. ಆಗ ನನಗೆ ದುಃಖವಾಗಲಿಲ್ಲ, ಬಸು — ನಾಚಿಕೆಯಿಂದ ಹೇಳುತ್ತೇನೆ — ಭಯವಾಯಿತು. ಆ ಐದರ ಫೈಲು ಇವನ ಹತ್ತಿರ ಇದೆ, ನನ್ನ ವರದಿಯನ್ನೂ ನೋಡಿದ್ದಾನೆ, ನನ್ನ ಆರನೆಯದು ಸುಳ್ಳೆಂದು ಇವನಿಗೆ ಗೊತ್ತು. ಗೊತ್ತಿದ್ದೂ ಏಕೆ ಸುಮ್ಮನಿದ್ದಾನೆ? ಯಾವ ಹೊತ್ತಿಗೆಂದು ಕಾಯುತ್ತಿದ್ದಾನೆ? ದೀಪಾವಳಿಗೆ ನೀನು ಕಳಿಸುವ ಎರಡು ಸಾಲಿನ ಶುಭಾಶಯವನ್ನು ನಾನು ಮೂರು ಸಲ ಓದುತ್ತಿದ್ದೆ, ಒಳಗೇನಾದರೂ ಇದೆಯೇ ಎಂದು. ತಾ ಕಳ್ಳ, ಪರರ ನಂಬ — ಗಾದೆ ಮಾಡಿದವರು ನನ್ನನ್ನು ನೋಡಿರಬೇಕು.

ಈ ವರ್ಷ ಹಡರ್ಸ್‌ಫೀಲ್ಡ್‌ನ ಸಭಾಂಗಣವೊಂದರಲ್ಲಿ ಬಸವ ಜಯಂತಿ. ನೀನು ಪಂಕ್ತಿಯಲ್ಲಿ ಹುಗ್ಗಿ ಬಡಿಸುತ್ತಿದ್ದೆ. ನನ್ನ ಪಕ್ಕದ ಎಲೆಗೆ ಕುಳಿತಿದ್ದ ಹುಡುಗಿಯೊಬ್ಬಳು ತನ್ನ ಲ್ಯಾಬಿನ ಗೋಳು ಹೇಳಿಕೊಳ್ಳುತ್ತಿದ್ದಳು. ನೀನು ನನ್ನೆಡೆ ಬಗ್ಗಿ, ಸೌಟು ಹಿಡಿದುಕೊಂಡೇ, ತಗ್ಗಿದ ದನಿಯಲ್ಲಿ ಅಂದೆ:

“ಅಕ್ಕಾ, ನಿನ್ನ ಆರನೇದು ನನಗ ಅವತ್ತ ಗೊತ್ತಾಗಿತ್ತು. ನೀನ ಹೋಗಿ ಹೇಳ್ತಿ ಅಂತ ಸುಮ್ನಿದ್ದೆ.”

ಇನ್ನೊಂದು ಸೌಟು ಹುಗ್ಗಿ ಹಾಕಿ ನೀನು ಮುಂದಿನ ಎಲೆಗೆ ಹೋದೆ. ಅಂದರೆ ನೀನು ಕಾದದ್ದು ನಿಜ — ನಾನು ಹೆದರಿದಂತೆ ಅಲ್ಲ. ಆಗಲೂ ನಾನು ಎದ್ದು ಬಂದು ಹಾಳೆಯ ವಿಷಯ ಹೇಳಲಿಲ್ಲ.

ಕಳೆದ ವಾರ ಆ ಗೌರವ ಸಂಘದವರು ಬರೆದಿದ್ದರು: ಹೊಸದಾಗಿ ಸೇರುವ ಮಕ್ಕಳಿಗೆ ಸಂಘದ ಲಾಂಛನದ ಪಿನ್ ಅಂಗಿಗೆ ಚುಚ್ಚಿ ನಾಲ್ಕು ಮಾತಾಡಬೇಕಂತೆ. ಇವತ್ತು ಬೆಳಿಗ್ಗೆ ನನ್ನ ಪಿನ್ನನ್ನು ಲಕೋಟೆಗೆ ಹಾಕಿ, ಆರನೆಯ ತುಂಡಿನ ಕಥೆಯನ್ನೂ ನಿನ್ನ ಮೇಲೆ ಬರೆದ ಎರಡು ವಾಕ್ಯಗಳನ್ನೂ ಬರೆದು, ಮ್ಯಾಂಚೆಸ್ಟರ್‌ನ ನನ್ನ ಆಫೀಸಿಗೂ ಒಂದು ಪ್ರತಿ ಮಾಡಿ ಅಂಚೆಗೆ ಹಾಕಿ ಬಂದೆ. ಅವರು ಏನು ಮಾಡುತ್ತಾರೋ ಮಾಡಲಿ. ನಿನ್ನ ಸೇತುವೆಗಳು ಅದರಿಂದ ವಾಪಸು ಬರುವುದಿಲ್ಲ.

ನಾನೇ ಹೋಗಿ ಹೇಳುತ್ತೇನೆಂದು ನಂಬಿದೆ ನೀನು. ಇದನ್ನು ಓದಿದ ಮೇಲೆ, ಬಸವರಾಜ, ನನ್ನನ್ನು ಅಕ್ಕ ಎನ್ನಬೇಕಾಗಿಲ್ಲ. ನನ್ನ ಹೆಸರು ಸುಮಂಗಲಾ.